ಅಗಲ ಪಟ್ಟಿಗೆ ಕಾದಿರುವ ಇನ್ನೂರ ಹದಿನಾಲ್ಕನೇ ಗೌನು

ಇವರಿಗೆ,
ಘನತೆವೆತ್ತ ಪದವಿ ಪರಿಶೀಲನಾ ಯಂತ್ರದವರು,
ಪರೀಕ್ಷಾ ವಿಭಾಗದ ಮೊಗಸಾಲೆ, ಕುಡಿಯುವ ನೀರಿನ ಕ್ಯಾನಿನ ಎಡಪಕ್ಕ,
ಎರಡನೇ ಮಹಡಿ, ವಿಶ್ವವಿದ್ಯಾಲಯದ ಆಡಳಿತ ಕಟ್ಟಡ.

ವಿಷಯ: ಸಂಖ್ಯಾಶಾಸ್ತ್ರವನ್ನು ಎರಡೆರಡು ಸಲ ಕಲಿತ ತಪ್ಪಿಗೆ ಎರಡನ್ನೂ ಕಳೆದುಕೊಂಡವಳ ಬಹಿರಂಗ ಅಹವಾಲು.

ಮಾನ್ಯರೇ,

ಮೊಟ್ಟಮೊದಲಿಗೆ ತಮ್ಮ ಗಾಜಿನ ಮುಖಕ್ಕೂ, ಆ ಮುಖದ ಬಲಮೂಲೆಯ ಬಿರುಕಿಗೆ ಯಾರೋ ಪುಣ್ಯಾತ್ಮರು ಅಂಟಿಸಿರುವ ಟೇಪಿಗೂ, ಚೀಟಿ ಹೊರಬರುವ ತಮ್ಮ ಹೊಟ್ಟೆಯ ಸೀಳಿಗೂ ನನ್ನ ಅನಂತಾನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸಿದ್ದೇನೆ, ಯಾಕೆಂದರೆ ಇವತ್ತು ಸೋಮವಾರ ಬೆಳಿಗ್ಗೆ ನಾನು ತಮ್ಮ ಎದುರು ನಿಂತಾಗಲೂ ತಾವು ಎಂದಿನ ಹಾಗೆ ನಗುಮುಖದ ಗೊಂಬೆಯೊಂದನ್ನು ತೋರಿಸಿ 'ದಯವಿಟ್ಟು ಕಾಯಿರಿ' ಎಂದಿರಿ, ಮತ್ತು ನಾನು ಎಂದಿನ ಹಾಗೆ ಕಾದೆ. ಈ ಪತ್ರವನ್ನು ತಮ್ಮ ಸೀಳಿನೊಳಗೇ ತೂರಿಸೋಣವೆಂದು ನೋಡಿದೆ, ಆದರೆ ತಾವು 'ಗುರುತಿನ ಕಾರ್ಡ್ ಮಾತ್ರ' ಎಂದು ಉಗುಳಿಬಿಟ್ಟಿರಿ. ಹಾಗಾಗಿ ಬೇರೆ ದಾರಿ ಕಾಣದೆ ತಮ್ಮ ಎದುರುಗೋಡೆಯ ಸೂಚನಾ ಫಲಕಕ್ಕೆ ನಾಲ್ಕು ಗುಂಡುಸೂಜಿ ಚುಚ್ಚಿ ಇದನ್ನು ನೇತುಹಾಕಿದ್ದೇನೆ, ಹೋಗಿಬರುವವರೆಲ್ಲ ಓದಿದರೆ ಅದು ನನ್ನ ತಪ್ಪಲ್ಲ, ತಮ್ಮ ಸೀಳಿನ ತಪ್ಪು.

ನಾನು ಇದೇ ಕಟ್ಟಡದ ನೆಲಮಾಳಿಗೆಯಲ್ಲಿರುವ ಗೌನು ಕೋಣೆಯ ಹೊಲಿಗೆಯವಳು. ತಾವು ಮೇಲಿನವರು, ಕೆಳಗಿಳಿದು ಬಂದವರಲ್ಲ, ಆದ್ದರಿಂದ ನನ್ನ ಪರಿಚಯ ನಾನೇ ಹೇಳಿಕೊಳ್ಳಬೇಕಾಗಿದೆ. ನಮ್ಮ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳಿವೆ, ಅದರಲ್ಲಿ ಒಂದು ನೆಟ್ಟಗೆ ಓಡುತ್ತದೆ, ಇನ್ನೊಂದಕ್ಕೆ ದಿನಕ್ಕೆರಡು ಸಲ ಮೊಣಕಾಲಲ್ಲಿ ಗುದ್ದಬೇಕು. ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ನಂಬರು ಹಾಕಿದ ಕೊಕ್ಕೆಗಳು, ಮತ್ತು ರಸ್ತೆಯ ಮಟ್ಟಕ್ಕೆ ಒಂದು ಸಣ್ಣ ಕಿಟಕಿ, ಅದರಲ್ಲಿ ಜನರ ಬೂಟು ಚಪ್ಪಲಿಗಳು ಮಾತ್ರ ಕಾಣುತ್ತವೆ. ಹದಿನೇಳು ವರ್ಷದಿಂದ ಘಟಿಕೋತ್ಸವದ ಗೌನುಗಳನ್ನೆಲ್ಲ ನಾನೇ ಹೊಲಿಯುತ್ತ, ಬಿಚ್ಚುತ್ತ, ಉದ್ದ ಗಿಡ್ಡ ಮಾಡುತ್ತ ಬಂದಿದ್ದೇನೆ. ಈ ಊರಿನಲ್ಲಿ ದೊಡ್ಡ ಮನುಷ್ಯರು ಅಂತ ಯಾರ್‍ಯಾರು ಓಡಾಡುತ್ತಿದ್ದಾರೋ ಅವರಲ್ಲಿ ಬಹಳ ಮಂದಿಯ ಹೆಗಲಿನ ಅಳತೆ ನನಗೆ ಬಾಯಿಪಾಠ.

ತಮಗೆ ಮೇಜರ್ ಎಂದರೆ ಒಂದು ಕಾಲಂ, ಮೈನರ್ ಎಂದರೆ ಇನ್ನೊಂದು ಕಾಲಂ. ನನಗೆ ಅವೆರಡೂ ಬಟ್ಟೆ. ಪದವಿಗೆ ಒಟ್ಟು ನಲವತ್ತು ಕೋರ್ಸುಗಳು, ಅದರಲ್ಲಿ ಹದಿನಾಲ್ಕನ್ನು ಒಂದೇ ವಿಷಯದಲ್ಲಿ ಮಾಡಿದವರಿಗೆ ಅದು ಮೇಜರ್, ಅಂಥವರ ಗೌನಿಗೆ ಹೆಗಲಿನಿಂದ ಎದೆಯ ಮೇಲಿಳಿಯುವ ಹಾಗೆ ನಾಲ್ಕು ಬೆರಳು ಅಗಲದ ಪಟ್ಟಿ ಹೊಲಿಯುತ್ತೇನೆ. ಇನ್ನೊಂದು ವಿಷಯದಲ್ಲಿ ಆರು ಕೋರ್ಸು ಮಾಡಿದರೆ ಅದು ಮೈನರ್, ಅದಕ್ಕೆ ಪಕ್ಕದಲ್ಲೇ ಒಂದು ಬೆರಳಿನ ಕಿರುಪಟ್ಟಿ. ಉಳಿದ ಇಪ್ಪತ್ತು ಕೋರ್ಸುಗಳು, ಅಂದರೆ ಎಲ್ಲರೂ ಓದಲೇಬೇಕಾದವು ಮತ್ತು ಮನಸ್ಸಿಗೆ ಬಂದು ಓದಿದವು, ಗೌನಿನ ಕಪ್ಪು ಬಟ್ಟೆಯೊಳಗೇ ಕರಗಿಹೋಗುತ್ತವೆ, ಅವಕ್ಕೆ ಪಟ್ಟಿಯಿಲ್ಲ. ಅಗಲ ಪಟ್ಟಿಯೊಂದೇ ಇದ್ದರೆ ನಡೆಯುತ್ತದೆ, ಎರಡು ಮೇಜರ್ ಮಾಡಿದ ಹಟಮಾರಿಗಳಿಗೆ ಎರಡು ಅಗಲ ಪಟ್ಟಿಯೂ ಆಗುತ್ತದೆ, ಆದರೆ ಬರೀ ಕಿರುಪಟ್ಟಿ ಇಟ್ಟುಕೊಂಡು ವೇದಿಕೆ ಹತ್ತುವಂತಿಲ್ಲ. ಇದು ನಿಯಮ. ಗಣಿತಕ್ಕೆ ಕಡುನೀಲಿ, ಸಮಾಜಶಾಸ್ತ್ರಕ್ಕೆ ಕಿತ್ತಳೆ, ಭೂವಿಜ್ಞಾನಕ್ಕೆ ಕೆಸರಿನ ಬಣ್ಣ. ಕೆಸರಿನ ಬಣ್ಣ ಅಂತ ಪುಸ್ತಕದಲ್ಲಿಲ್ಲ, ಕಂದು ಅಂತಿದೆ, ಆದರೆ ಬಟ್ಟೆ ಅಂಗಡಿಯವರು ಕಳಿಸುವುದು ಕೆಸರೇ.

ಹನ್ನೊಂದು ವರ್ಷ ನಾನು ಇದನ್ನೆಲ್ಲ ಕಣ್ಣುಮುಚ್ಚಿ ಹೊಲಿದೆ. ಹನ್ನೊಂದನೇ ವರ್ಷ ಒಬ್ಬಳು ಹುಡುಗಿ ಅಳತೆ ಕೊಡಲು ಬಂದಾಗ, ಟೇಪು ಹಿಡಿದುಕೊಂಡೇ, ಈ ಅಗಲದ್ದಕ್ಕೂ ಸಣ್ಣದಕ್ಕೂ ಓದಿನಲ್ಲಿ ಏನಮ್ಮ ವ್ಯತ್ಯಾಸ ಅಂತ ಸುಮ್ಮನೆ ಕೇಳಿದೆ. ಅವಳು ನಕ್ಕು, ಹೊಲಿಯೋರಿಗೆ ಅದೆಲ್ಲ ಯಾಕಕ್ಕಾ, ಬಣ್ಣ ಸರಿ ಹಾಕಿದ್ರೆ ಸಾಕು ಅಂದಳು. ಕೆಟ್ಟ ಹುಡುಗಿಯೇನಲ್ಲ, ಹೋಗುವಾಗ ಥ್ಯಾಂಕ್ಸ್ ಕೂಡ ಹೇಳಿದಳು. ಆದರೆ ಆ ಮಾತು ನನಗೆ ನಾಟಿತು, ಮನೆಗೆ ಹೋದ ಮೇಲೂ ಬಿಡಲಿಲ್ಲ. ಅತ್ತೆಯ ಹತ್ತಿರ ಹೇಳಿಕೊಂಡೆ. ನಮ್ಮತ್ತೆ ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು, ಯಾವ ವಿಷಯವೇ ಆಗಲಿ ಅದಕ್ಕೊಂದು ಗೂಡು ಹುಡುಕದೆ ಬಿಡುವವರಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, ಅದಕ್ಯಾಕೆ ಮುಖ ಊದಿಸ್ಕೊಂಡು ಕೂತಿದ್ದೀಯ, ಹೋಗಿ ನೀನೂ ಓದೋಕೆ ಸೇರ್ಕೋ, ಅಡುಗೆ ನಾನು ನೋಡ್ಕೋತೀನಿ ಅಂದುಬಿಟ್ಟರು. ಆಮೇಲೆ ಆರು ವರ್ಷ ಅವರು ಅದನ್ನೇ ಮಾಡಿದರು. ಅವರ ಅಡುಗೆ ಹೇಗಿತ್ತು ಎಂಬುದು ಈ ಅಹವಾಲಿನ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ಬೇರೆಯೇ ಪತ್ರ ಬೇಕು.

ಮೇಜರಿಗೆ ಗಣಿತ ತೆಗೆದುಕೊಂಡೆ. ಚಪ್ಪಟೆ ಬಟ್ಟೆ ದುಂಡು ಹೆಗಲ ಮೇಲೆ ಯಾಕೆ ನೆಟ್ಟಗೆ ಕೂರುವುದಿಲ್ಲ, ಟಕ್ಸ್, ಅಂದರೆ ಒಂದು ಸಣ್ಣ ಮಡಿಕೆ, ಹಿಡಿದ ಕೂಡಲೇ ಯಾಕೆ ಕೂರುತ್ತದೆ ಎಂಬುದು ನನ್ನನ್ನು ಚಿಕ್ಕಂದಿನಿಂದ ಕಾಡಿದ ಪ್ರಶ್ನೆ, ನಾಲ್ಕನೇ ವರ್ಷದಲ್ಲಿ ಉತ್ತರ ಸಿಕ್ಕಿತು, ಸಿಕ್ಕಿದ ದಿನ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಮೈನರಿಗೆ ಸಮಾಜಶಾಸ್ತ್ರ. ಹೆಗಲು ಅಳೆಸಿಕೊಳ್ಳುವಾಗ ದೊಡ್ಡವರೆಲ್ಲ ಯಾಕೆ ಎದೆಯುಬ್ಬಿಸುತ್ತಾರೆ, ಆಮೇಲೆ ಗೌನು ಸಡಿಲ ಎಂದು ನನ್ನನ್ನು ಯಾಕೆ ಬೈಯುತ್ತಾರೆ ಎಂದು ತಿಳಿಯಬೇಕಿತ್ತು. ಅದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ತಾವು ದಯವಿಟ್ಟು ಕಾಯಿರಿ. ಗಣಿತದ ಹದಿನಾಲ್ಕು ಕೋರ್ಸಿನಲ್ಲಿ ಸಂಖ್ಯಾಶಾಸ್ತ್ರ ಒಂದು, ಕಡ್ಡಾಯ. ಸಮಾಜಶಾಸ್ತ್ರದ ಆರರಲ್ಲೂ ಸಂಖ್ಯಾಶಾಸ್ತ್ರ ಒಂದು, ಅದೂ ಕಡ್ಡಾಯ. ನಿಯಮಾವಳಿಯ ಮೂವತ್ತೊಂದನೇ ಪುಟದಲ್ಲಿ, ಒಂದೇ ಕೋರ್ಸನ್ನು ಮೇಜರಿಗೂ ಮೈನರಿಗೂ ಲೆಕ್ಕ ಹಾಕತಕ್ಕದ್ದಲ್ಲ ಎಂದು ದಪ್ಪಕ್ಷರದಲ್ಲಿದೆ. ಬೇರೆ ವಿದ್ಯಾರ್ಥಿಗಳು ಇಂಥಲ್ಲಿ ಏನು ಮಾಡುತ್ತಾರೆಂದು ನನಗೆ ಆಮೇಲೆ ಗೊತ್ತಾಯಿತು, ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಹಲ್ಲುಗಿಂಜಿ, ಒಂದರ ಬದಲು ಇನ್ನೇನಾದರೂ ಸುಲಭದ್ದನ್ನು ಬರೆಸಿಕೊಂಡು ಬರುತ್ತಾರಂತೆ. ನನಗೆ ಅದು ಹೊಳೆಯಲೇ ಇಲ್ಲ. ನಾನು ಹೊಲಿಗೆಯವಳು. ಒಂದೇ ತುಂಡು ಬಟ್ಟೆಯನ್ನು ಎಡತೋಳಿಗೂ ಬಲತೋಳಿಗೂ ಹಾಕಲಾಗುವುದಿಲ್ಲ, ಎರಡು ತೋಳು ಬೇಕೆಂದರೆ ಎರಡು ಸಲ ಕತ್ತರಿಸಬೇಕು, ಇದಿಷ್ಟೇ ನನಗೆ ಗೊತ್ತಿದ್ದದ್ದು. ಹಾಗಾಗಿ ಮೂರನೇ ವರ್ಷ ಗಣಿತ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಕಲಿತೆ, ಐದನೇ ವರ್ಷ ಸಮಾಜಶಾಸ್ತ್ರ ವಿಭಾಗದಲ್ಲಿ ಅದೇ ಸಂಖ್ಯಾಶಾಸ್ತ್ರವನ್ನು ಮತ್ತೆ ಕಲಿತೆ, ಮೇಜರಿಗೊಂದು, ಮೈನರಿಗೊಂದು.

ಎರಡೂ ಕಡೆ ಪಾಠ ಮಾಡಿದವರು ಒಬ್ಬರೇ ಮೇಷ್ಟ್ರು. ಒಳ್ಳೆಯವರು, ಆದರೆ ಅವರ ಹತ್ತಿರ ಇರುವುದು ಒಂದೇ ಕೊಡೆ. ಮೊದಲ ದಿನ ಆ ಕೊಡೆಯನ್ನು ಎತ್ತಿ ಹಿಡಿದು, ಇದರ ಉದ್ದ ಎಷ್ಟಿರಬಹುದೆಂದು ಎಲ್ಲರೂ ಒಂದೊಂದು ಊಹೆ ಹೇಳಿ ಎನ್ನುತ್ತಾರೆ, ಊಹೆಗಳೆಲ್ಲ ಎತ್ತಲೋ ಹೋಗುತ್ತವೆ, ಆದರೆ ಎಲ್ಲದರ ಸರಾಸರಿ ತೆಗೆದರೆ ಅದು ನಿಜವಾದ ಉದ್ದಕ್ಕೆ ಹತ್ತಿರ ಬಂದು ನಿಲ್ಲುತ್ತದೆ, ಒಬ್ಬೊಬ್ಬರೂ ತಪ್ಪು, ಎಲ್ಲರೂ ಸೇರಿದರೆ ಸರಿ, ಅದೇ ಸಂಖ್ಯಾಶಾಸ್ತ್ರದ ಸೊಗಸು ಎಂದು ಅವರ ಪಾಠ. ಮೊದಲ ಸಲ ನಾನು ಬೆಂಚಿನಿಂದಲೇ ನೋಡಿ ಎಂಬತ್ತಮೂರು ಸೆಂಟಿಮೀಟರ್, ಹಿಡಿ ಬಿಟ್ಟು ಎಪ್ಪತ್ತೆರಡು ಎಂದೆ. ಅಳೆದರೆ ಅದೇ. ಸರಾಸರಿ ತೊಂಬತ್ತಾರಕ್ಕೆ ಬಂದಿತ್ತು. ಮೇಷ್ಟ್ರ ಮುಖ ಸಪ್ಪಗಾಯಿತು, ಕೊಡೆ ಮಡಿಸಿ ಕಿಟಕಿಯಾಚೆ ನೋಡುತ್ತ ಉಳಿದ ಗಂಟೆ ಕಳೆದರು. ಎರಡು ವರ್ಷ ಬಿಟ್ಟು ಇನ್ನೊಂದು ವಿಭಾಗದ ಬಾಗಿಲಲ್ಲಿ ನನ್ನನ್ನು ಕಂಡದ್ದೇ ಪಕ್ಕಕ್ಕೆ ಕರೆದು, ಅಮ್ಮಾ, ಈ ಸಲ ದಯಮಾಡಿ ತಪ್ಪು ಹೇಳಿ ಎಂದು ಕೈಮುಗಿದರು. ಗುರುಗಳ ಮಾತು ಮೀರಬಾರದೆಂದು ನಾನು ಒಂಬತ್ತು ಮೀಟರ್ ಎಂದೆ, ಸರಾಸರಿ ಕೆಟ್ಟು ಕೆರ ಹಿಡಿಯಿತು. ಅಂತೂ ಮೊದಲ ಸಲ ಎಪ್ಪತ್ತೆಂಟು ಅಂಕ, ಎರಡನೇ ಸಲ ಎಪ್ಪತ್ತಾರು ಅಂಕ ಪಡೆದು ಪಾಸಾದೆ. ಎರಡನೇ ಸಲ ಯಾಕೆ ಕಡಿಮೆಯಾಯಿತೆಂದು ಅತ್ತೆ ಕೇಳಿದಾಗ, ಹೆಚ್ಚಿದ್ದದ್ದು ಸರಾಸರಿಯ ಕಡೆಗೆ ಇಳಿಯುವುದು ಸಹಜ ಎಂದು ಸಂಖ್ಯಾಶಾಸ್ತ್ರದ ಪ್ರಕಾರವೇ ಉತ್ತರ ಕೊಟ್ಟೆ. ಅವರು ಒಪ್ಪಲಿಲ್ಲ.

ಕಳೆದ ಮಂಗಳವಾರ, ನಲವತ್ತು ಕೋರ್ಸೂ ಮುಗಿದ ಖುಷಿಯಲ್ಲಿ, ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಹಾಕಿಕೊಂಡು ತಮ್ಮ ಸನ್ನಿಧಿಗೆ ಬಂದೆ. ಕಾರ್ಡ್ ತೂರಿಸಿದೆ, ತಾವು ಕಾಯಿಸಿದಿರಿ, ಆಮೇಲೆ ಒಂದು ಚೀಟಿ ಕೊಟ್ಟಿರಿ. ಅದರಲ್ಲಿ ಹೀಗಿತ್ತು: ಎರಡೂ ಸಂಖ್ಯಾಶಾಸ್ತ್ರಗಳು ಪರಸ್ಪರ ಸಮಾನವಾದವು, ಸಮಾನ ಕೋರ್ಸನ್ನು ಮತ್ತೆ ತೆಗೆದುಕೊಂಡರೆ ಮೊದಲಿನದು ರದ್ದು, ಆದ್ದರಿಂದ ಮೊದಲಿನದು ರದ್ದಾಗಿದೆ. ಈಗಾಗಲೇ ಪಾಸಾದ ಕೋರ್ಸಿಗೆ ಎರಡನೇ ಸಲ ಕ್ರೆಡಿಟ್ ಇಲ್ಲ, ಆದ್ದರಿಂದ ಎರಡನೆಯದೂ ರದ್ದಾಗಿದೆ. ಮೇಜರ್ ಅಪೂರ್ಣ. ಮೈನರ್ ಅಪೂರ್ಣ. ತಮ್ಮ ದಿನ ಶುಭವಾಗಿರಲಿ.

ಶುಭವಾಗಿತ್ತು, ಮಾನ್ಯರೇ, ಆ ಚೀಟಿ ಬರುವವರೆಗೆ. ಎರಡು ಸಲ ಪಾಸಾದವಳಿಗೆ ಒಂದು ಸಲವೂ ಪಾಸಾಗದವಳ ಸ್ಥಾನವನ್ನು ಇಷ್ಟು ಚುಟುಕಾಗಿ ದಯಪಾಲಿಸುವ ಶಕ್ತಿ ಮನುಷ್ಯರಾದವರಿಗೆ ಇಲ್ಲ. ಆದರೂ ಗಣಿತ ಓದಿದ ಸೊಕ್ಕಿನಿಂದ ಒಂದು ಸಂದೇಹ ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಮೊದಲಿನದು ರದ್ದಾಯಿತೆಂದರೆ ನಾನು ಅದನ್ನು ಪಾಸಾಗಿಯೇ ಇಲ್ಲ ಎಂದಾಯಿತು, ಹಾಗಿದ್ದ ಮೇಲೆ ಎರಡನೆಯದು ಎರಡನೆಯದಲ್ಲ, ಮೊದಲನೆಯದು, ಅದಕ್ಕೆ ಕ್ರೆಡಿಟ್ ಬರಬೇಕು. ಇಲ್ಲ, ಎರಡನೆಯದು ಲೆಕ್ಕಕ್ಕೇ ಇಲ್ಲ ಎನ್ನುವಿರಾದರೆ ನಾನು ಮತ್ತೆ ಏನನ್ನೂ ತೆಗೆದುಕೊಂಡೇ ಇಲ್ಲ, ಆಗ ಮೊದಲಿನದು ರದ್ದಾಗಲು ಕಾರಣವೇ ಇಲ್ಲ. ಯಾವ ಕಡೆಯಿಂದ ಎಳೆದರೂ ಒಂದಾದರೂ ಉಳಿಯಲೇಬೇಕು. ಇದನ್ನು ತಮ್ಮ ಎದುರು ಬೆರಳು ಮಡಿಚಿ ಮಡಿಚಿ ವಿವರಿಸಿದೆ, ಹಿಂದೆ ಸಾಲಿನಲ್ಲಿದ್ದ ಮೂರು ಜನ ತಲೆದೂಗಿದರು, ತಾವು ಮಾತ್ರ 'ಸಮಯ ಮೀರಿದೆ' ಎಂದು ಕಪ್ಪಾದಿರಿ.

ಆಮೇಲೆ ಮೂರನೇ ಕಿಟಕಿಯ ಗುಮಾಸ್ತರ ಹತ್ತಿರ ಹೋದೆ. ಪಾಪ, ಮೃದು ಮನುಷ್ಯ, ಅವರ ಕೋಟಿನ ಗುಂಡಿ ಎರಡು ಸಲ ನಾನೇ ಹಾಕಿಕೊಟ್ಟಿದ್ದೇನೆ, ಎರಡೂ ಸಲದ್ದನ್ನು ಅವರು ಲೆಕ್ಕಕ್ಕೆ ಇಟ್ಟುಕೊಂಡಿದ್ದಾರೆ. ಅವರು ತಲೆ ಕೆರೆದುಕೊಂಡು, ಎದ್ದು ಬಂದು ಯಂತ್ರರಾದ ತಮ್ಮ ಬೆನ್ನಿನ ಬಾಗಿಲು ತೆಗೆದು ಏನೋ ಒತ್ತಿದರು. ಒಂದು ಸಂಖ್ಯಾಶಾಸ್ತ್ರ ಮರಳಿ ಬಂತು. ನನ್ನ ಜೀವವೂ ಬಂತು. ಆದರೆ ತಾವು ಅದನ್ನು ಎತ್ತಿಕೊಂಡು ಹೋಗಿ ಮೈನರಿನ ಬುಟ್ಟಿಗೆ ಹಾಕಿದಿರಿ, ಯಾಕೆಂದು ಗುಮಾಸ್ತರನ್ನು ಕೇಳಿದರೆ, ಅದು ಸಣ್ಣ ಬುಟ್ಟಿ ಮೊದಲು ತುಂಬಿಸುತ್ತೆ ಕಣಮ್ಮ, ಅದರ ಅಭ್ಯಾಸ ಎಂದರು. ಎರಡನೇ ಚೀಟಿ ಬಂತು: ಮೈನರ್ ಪೂರ್ಣ, ಮೇಜರಿನಲ್ಲಿ ಹದಿಮೂರು. ನನ್ನ ಸಮಾಜಶಾಸ್ತ್ರ ತುಂಬಿ ತುಳುಕುತ್ತಿದೆ, ಗಣಿತಕ್ಕೆ ಒಂದು ತುತ್ತು ಕಡಿಮೆ. ಮೇಜರಿಲ್ಲದೆ ಮೈನರ್ ಕೊಡುವಂತಿಲ್ಲವಾದ್ದರಿಂದ ಅದೂ ಇದ್ದೂ ಇಲ್ಲದ ಹಾಗೆ.

ಬುಧವಾರ ಹೋದರೆ ಮೂರನೇ ಚೀಟಿ: ಮೈನರ್ ಪೂರೈಸಿದ್ದಕ್ಕೆ ಅಭಿನಂದನೆಗಳು, ಈಗ ತಮಗಿಷ್ಟವಾದ ಮೇಜರನ್ನು ಆರಿಸಿಕೊಳ್ಳಿ. ಆರು ವರ್ಷವಾದ ಮೇಲೆ, ನಲವತ್ತಾರರ ವಯಸ್ಸಿನಲ್ಲಿ, ಮೊನ್ನೆ ಮೊನ್ನೆ ಶಾಲೆ ಬಿಟ್ಟು ಬಂದ ಹುಡುಗಿಯ ಹಾಗೆ ನನ್ನನ್ನು ಕಂಡದ್ದು ತಮ್ಮ ದೊಡ್ಡತನ. ಗುರುವಾರದ ಚೀಟಿಯಲ್ಲಿ ತಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಲಹೆಯನ್ನೂ ಕೊಟ್ಟಿರಿ. ಎರಡನೇ ವರ್ಷ ನಾನು ಮನಸ್ಸಿಗೆ ಬಂದು ಕಲ್ಲುಗಳ ಬಗ್ಗೆ ಒಂದು ಕೋರ್ಸು ತೆಗೆದುಕೊಂಡಿದ್ದೆ, ಗುಡ್ಡ ನೋಡಲು ಕರೆದುಕೊಂಡು ಹೋಗುತ್ತಾರೆಂಬ ಆಸೆಗೆ. ಅದನ್ನು ನೆನಪಿಟ್ಟುಕೊಂಡು ತಾವು, ಭೂವಿಜ್ಞಾನದಲ್ಲಿ ಮೇಜರ್ ಪೂರೈಸಲು ತಮಗೆ ಇನ್ನು ಕೇವಲ ಹದಿಮೂರು ಕೋರ್ಸು ಬಾಕಿ ಎಂದಿರಿ. ಗಣಿತಕ್ಕೆ ಒಂದು ಬಾಕಿ, ಭೂವಿಜ್ಞಾನಕ್ಕೆ ಹದಿಮೂರು ಬಾಕಿ, ಆದ್ದರಿಂದ ಭೂವಿಜ್ಞಾನವೇ ಲೇಸು ಎಂಬ ತೀರ್ಮಾನಕ್ಕೆ ಯಾವ ದಾರಿಯಲ್ಲಿ ಬಂದಿರೋ ಆ ದಾರಿಯನ್ನು ನನಗೂ ತೋರಿಸಬೇಕೆಂದು ಬೇಡಿಕೊಳ್ಳುತ್ತೇನೆ. ಬಸ್ಸಿನಲ್ಲಿ ಹೋಗಬಹುದಾದರೆ ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ.

ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ಈಕೆ ಇಬ್ಬರಿಗಾಗುವಷ್ಟು ಸಂಖ್ಯಾಶಾಸ್ತ್ರ ಕಲಿತಿದ್ದಾಳೆ, ಕೊಡೆಯ ವಿಷಯದಲ್ಲಂತೂ ನನಗಿಂತ ಹೆಚ್ಚು ಎಂದು ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿಕೊಟ್ಟರು. ಅದನ್ನು ಹಿಡಿದುಕೊಂಡು ಶುಕ್ರವಾರ ಕುಲಸಚಿವರ ಕೊಠಡಿಗೆ ಹೋದೆ. ತಮ್ಮನ್ನು ಈ ಮೊಗಸಾಲೆಯಲ್ಲಿ ತಂದು ನಿಲ್ಲಿಸಿದವರು ಅವರೇ, ತಮ್ಮ ಮೇಲೆ ಅವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನಷ್ಟು ಅಕ್ಕರೆ. ಅವರು ಕಾಗದವನ್ನು ಓದಿ, ನನ್ನನ್ನು ನೋಡಿ, ನಿಮ್ಮ ಕಷ್ಟ ಅರ್ಥವಾಗುತ್ತಮ್ಮ, ಆದರೆ ಎಲ್ಲಾ ಆ ಯಂತ್ರದ್ದೇ, ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಹೇಳುತ್ತ ಎರಡೂ ಕೈಯನ್ನು ಅಗಲಿಸಿ ತೋರಿಸಿದರು, ನಿಜವಾಗಿಯೂ ಏನೂ ಇರಲಿಲ್ಲ. ಆಮೇಲೆ ಕುರ್ಚಿಯ ಬೆನ್ನಿಗೆ ಹಾಕಿದ್ದ ಸ್ವಂತ ಗೌನನ್ನು ತೆಗೆದುಕೊಟ್ಟು, ಹೋದ ವರ್ಷ ಕಾರಿನ ಬಾಗಿಲಿಗೆ ಸಿಕ್ಕಿ ತೋಳೆರಡೂ ಹರಿದಿವೆ, ಮುಂದಿನ ಶನಿವಾರದ ಘಟಿಕೋತ್ಸವದೊಳಗೆ ಹೊಸ ತೋಳು ಹಾಕಿಕೊಡಿ ಎಂದರು. ಆಗಲಿ ಎಂದು ತಂದುಕೊಂಡೆ. ಅದು ನನ್ನ ಕೆಲಸ.

ತಮ್ಮ ಗುಣಗಳನ್ನು ಹೊಗಳದೆ ಮುಂದಕ್ಕೆ ಹೋದರೆ ಕೃತಘ್ನಳಾದೇನು. ತಾವು ಬಡವ ಬಲ್ಲಿದ ಎಂದು ನೋಡುವವರಲ್ಲ, ಎಲ್ಲರನ್ನೂ 'ಪ್ರಿಯ ವಿದ್ಯಾರ್ಥಿ' ಎನ್ನುತ್ತೀರಿ, ಮೊನ್ನೆ ನೆಲ ಒರೆಸುವವರು ತಮ್ಮ ಮುಖಕ್ಕೆ ಬಟ್ಟೆ ತಾಗಿಸಿದಾಗ ಅವರಿಗೂ ಎರಡು ಕೋರ್ಸು ಬಾಕಿ ಎಂದಿರಿ. ಚಹಾ ಕುಡಿಯಲು ಹೋಗುವುದಿಲ್ಲ, ನಾಳೆ ಬಾ ಎನ್ನುವುದಿಲ್ಲ, ಇವತ್ತೇ ಇಲ್ಲ ಎನ್ನುತ್ತೀರಿ. ಮನುಷ್ಯರು ಒಂದು ತಪ್ಪು ಮಾಡಿದರೆ ಮುಖ ಬಾಡಿಸಿಕೊಳ್ಳುತ್ತಾರೆ, ತಾವು ಅದನ್ನೇ ಮೂರು ದಿನದಲ್ಲಿ ನಾಲ್ಕು ಬಗೆಯಲ್ಲಿ ಅಚ್ಚು ಹಾಕಿ ಕೊಟ್ಟರೂ ಗೊಂಬೆಯ ನಗು ಒಂದಿಷ್ಟೂ ಮಾಸಲಿಲ್ಲ. ಹೀಗಿರುವ ತಮಗೆ ಘಟಿಕೋತ್ಸವದಲ್ಲಿ ಒಂದು ಗೌನು ತೊಡಿಸಿದರೆ ಚೆನ್ನ ಎಂದು ನನಗನ್ನಿಸಿ, ಶುಕ್ರವಾರ ಊಟದ ಬಿಡುವಿನಲ್ಲಿ ಬಂದು ಟೇಪು ಹಿಡಿದು ಅಳತೆಯನ್ನೂ ತೆಗೆದೆ. ಎತ್ತರ ನೂರ ಅರವತ್ತೆಂಟು, ಸುತ್ತಳತೆ ಎಲ್ಲ ಕಡೆಯೂ ಒಂದೇ. ಹೆಗಲು ಇಲ್ಲ. ಹೆಗಲೇ ಇಲ್ಲದವರಿಗೆ ಪಟ್ಟಿ ಎಲ್ಲಿ ಹೊಲಿಯಲಿ ಎಂದು ಯೋಚಿಸುತ್ತ ಕೆಳಗಿಳಿದೆ. ಪಟ್ಟಿ ಎಂದರೆ ಏನೆಂದು ತಮಗೆ ಯಾಕೆ ಗೊತ್ತಿಲ್ಲವೋ ಅದೂ ಆಗ ಗೊತ್ತಾಯಿತು.

ಇನ್ನು ಅತ್ತೆಯ ವಿಷಯ. ಆರು ವರ್ಷ ನಾನು ಮನೆಯಲ್ಲಿ ಬೇರೆಯವರ ಬಟ್ಟೆ ಹೊಲಿಯುತ್ತಿದ್ದರೆ ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನನ್ನ ಟಿಪ್ಪಣಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಯಂತ್ರದ ಸದ್ದಿಗೆ ಮೇಲಾಗಿ ಕೇಳಬೇಕಲ್ಲ, ಹಾಗಾಗಿ ಬೀದಿಯವರಿಗೆಲ್ಲ ಸಂಭಾವ್ಯತೆಯ ಮೊದಲ ಮೂರು ಅಧ್ಯಾಯ ಬರುತ್ತದೆ. ಸಂಖ್ಯಾಶಾಸ್ತ್ರವನ್ನು ಅವರೂ ಎರಡು ಸಲ ಓದಿದ್ದಾರೆ. ಶನಿವಾರಕ್ಕೆಂದು ಅವರು ಈಗಾಗಲೇ ಹೊಸ ಬೂಟು ತಂದಿಟ್ಟುಕೊಂಡಿದ್ದಾರೆ, ಕಂದು ಬಣ್ಣದವು, ಮುಂಭಾಗದಲ್ಲಿ ಸಣ್ಣ ಬಕಲು. ನಿನ್ನ ಕಿಟಕಿಯ ಮುಂದೆ ನಿಲ್ತೀನಿ, ಬೂಟು ನೋಡಿ ನಾನೇ ಅಂತ ಗೊತ್ತು ಮಾಡ್ಕೊಂಡು ಗೌನು ಹಾಕ್ಕೊಂಡು ಮೇಲೆ ಬಾ ಎಂದಿದ್ದಾರೆ. ಚೀಟಿಗಳನ್ನು ತೋರಿಸಲು ನಾನು ನಾಲ್ಕು ದಿನ ಹಿಂದುಮುಂದು ನೋಡಿದೆ. ಕಡೆಗೆ ನಿನ್ನೆ ತೋರಿಸಿದೆ. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಬಹಳ ಹೊತ್ತು ನೋಡಿ, ಒಂದೇ ವಿಳಾಸಕ್ಕೆ ಒಂದೇ ತರದ ಎರಡು ಕಾಗದ ಬಂದ್ರೆ ಎರಡನ್ನೂ ಮುಟ್ಟಿಸಬೇಕು, ಎರಡನ್ನೂ ಹರಿದು ಹಾಕೋ ವಿಂಗಡಣೆಯವಳನ್ನ ನಾನಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ ಎಂದರು. ಆಮೇಲೆ ಬೂಟುಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದರು. ಅದನ್ನು ನೋಡಿ ನನಗೆ ಅಳು ಬಂತು. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಇನ್ನೂರ ಹದಿನಾಲ್ಕನೇ ಕೊಕ್ಕೆಯಲ್ಲಿ ನನ್ನ ಗೌನು ನೇತಾಡುತ್ತಿದೆ. ಕಿತ್ತಳೆ ಕಿರುಪಟ್ಟಿ ಹೊಲಿದು ಮುಗಿದಿದೆ. ಕಡುನೀಲಿ ಅಗಲ ಪಟ್ಟಿಯನ್ನು ಕತ್ತರಿಸಿ, ಅಂಚು ಮಡಿಚಿ, ಇಸ್ತ್ರಿ ಮಾಡಿ, ಗುಂಡುಸೂಜಿಯಲ್ಲಿ ಮಾತ್ರ ಸಿಕ್ಕಿಸಿ ಬಿಟ್ಟಿದ್ದೇನೆ. ಯಾರೂ ನೋಡದಾಗ ಹೊಲಿದು ಹಾಕಿಕೊಂಡರೆ ಕೇಳುವವರಿಲ್ಲ, ಪಟ್ಟಿಗಳ ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಹದಿನೇಳು ವರ್ಷದಲ್ಲಿ ಒಬ್ಬರಿಗೂ ಇಲ್ಲದ ಪಟ್ಟಿ ನಾನು ಹೊಲಿದುಕೊಟ್ಟಿಲ್ಲ, ನನಗೂ ಹೊಲಿದುಕೊಳ್ಳುವುದಿಲ್ಲ. ಪಟ್ಟಿ ಬೇಕು, ನ್ಯಾಯವಾಗಿ ಬೇಕು.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿ ಇಷ್ಟೇ. ಒಂದು ಸಂಖ್ಯಾಶಾಸ್ತ್ರವನ್ನು ಸಣ್ಣ ಬುಟ್ಟಿಯಲ್ಲೇ ಇಟ್ಟುಕೊಳ್ಳಿ, ಇನ್ನೊಂದನ್ನು ದೊಡ್ಡ ಬುಟ್ಟಿಗೆ ಹಾಕಿ. ಅದು ಆಗದ ಮಾತಾದರೆ, ರದ್ದಾದ ವಿದ್ಯೆಯನ್ನು ಹಿಂದಿರುಗಿಸಲು ಎಷ್ಟನೇ ಕಿಟಕಿಗೆ ಬರಬೇಕೆಂದು ತಿಳಿಸಿ, ಯಾಕೆಂದರೆ ಅದು ಇನ್ನೂ ನನ್ನ ತಲೆಯಲ್ಲೇ ಇದೆ, ಕಾಲರುಗಳ ಸರಾಸರಿ ತೆಗೆಯದೆ ನನಗೀಗ ಗುಂಡಿ ಹಾಕಲು ಬರುವುದಿಲ್ಲ. ಅತ್ತೆಯ ತಲೆಯಲ್ಲಿರುವುದನ್ನೂ ಹಿಂದಕ್ಕೆ ಪಡೆಯಬೇಕಾಗುತ್ತದೆ, ಅವರು ಸುಲಭವಾಗಿ ಕೊಡುವವರಲ್ಲ. ಬೀದಿಯವರದ್ದನ್ನು ಹೇಗೆ ವಸೂಲು ಮಾಡುತ್ತೀರೋ ನನಗೆ ತಿಳಿಯದು. ಅಥವಾ ತಾವೇ ಒಂದು ಸಲ ಮೇಷ್ಟ್ರ ತರಗತಿಗೆ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು ಕೊಡೆಯ ಉದ್ದ ಊಹಿಸಿ, ತಾವು ಹೇಳಿದ್ದು ಸರಿಯಾದರೆ ನಾನು ಭೂವಿಜ್ಞಾನದ ಹದಿಮೂರು ಕೋರ್ಸನ್ನೂ ಮಾತಿಲ್ಲದೆ ಮಾಡುತ್ತೇನೆ, ಕೆಸರು ಬಣ್ಣದ ಪಟ್ಟಿಯನ್ನೇ ಹಾಕಿಕೊಳ್ಳುತ್ತೇನೆ. ಗೌನು ತೊಡುವವರ ಹೆಸರುಗಳ ಅಂತಿಮ ಪಟ್ಟಿ ಈ ಶುಕ್ರವಾರ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಘಟಿಕೋತ್ಸವ ಶನಿವಾರ ಹನ್ನೊಂದಕ್ಕೆ. ನಡುವೆ ಎಷ್ಟು ಸಲ ಬೇಕಾದರೂ 'ದಯವಿಟ್ಟು ಕಾಯಿರಿ' ಎನ್ನಿ, ಕಾಯುವುದರಲ್ಲಿ ನನ್ನದು ಮೇಜರ್ ಎಂದೋ ಪೂರ್ಣವಾಗಿದೆ.

ಇಷ್ಟಾದ ಮೇಲೂ ಹೇಗೋ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನೆಲಮಾಳಿಗೆಯ ಹೊಲಿಗೆಯವಳು
(ಗಣಿತ ಹದಿಮೂರು, ಸಮಾಜಶಾಸ್ತ್ರ ಆರು, ಕಲ್ಲು ಒಂದು)

ಮರೆತ ಮಾತು: ಕುಲಸಚಿವರ ಗೌನು ಸಿದ್ಧವಾಗಿದೆ ಎಂದು ತಾವೇ ಅವರಿಗೆ ತಿಳಿಸಿದರೆ ಉಪಕಾರ. ಶನಿವಾರ ಸಂಜೆ ಎಡತೋಳು ಕತ್ತರಿಸಿ ಹೊಲಿದೆ. ಭಾನುವಾರ ಬೆಳಿಗ್ಗೆ ಬಲತೋಳನ್ನೂ ಹೊಲಿದೆ. ಹೊಲಿದಾದ ಮೇಲೆ ನೋಡುತ್ತೇನೆ, ಅದೇ ಬಟ್ಟೆ, ಅದೇ ಅಳತೆ, ಅದೇ ಪ್ಯಾಟರ್ನ್ ಕಾಗದ, ಹೊಲಿದವಳೂ ಅದೇ ನಾನು. ಎರಡೂ ಪರಸ್ಪರ ಸಮಾನ. ಸಮಾನವಾದದ್ದನ್ನು ಮತ್ತೆ ಹೊಲಿದ ಕಾರಣ ಎಡತೋಳು ರದ್ದಾಯಿತು, ಬಿಚ್ಚಿದೆ. ಈಗಾಗಲೇ ಹೊಲಿದಾಗಿದ್ದನ್ನು ಎರಡನೇ ಸಲ ಲೆಕ್ಕ ಹಾಕುವಂತಿಲ್ಲವಾದ ಕಾರಣ ಬಲತೋಳೂ ರದ್ದಾಯಿತು, ಅದನ್ನೂ ಬಿಚ್ಚಿದೆ. ಗೌನು ಈಗ ಒಂದನೇ ನಂಬರಿನ ಕೊಕ್ಕೆಯಲ್ಲಿ ತೋಳಿಲ್ಲದೆ ತಂಪಾಗಿ ನೇತಾಡುತ್ತಿದೆ, ತೋಳುಗಳು ಕಪಾಟಿನಲ್ಲಿ ಭದ್ರವಾಗಿವೆ. ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಕುಲಸಚಿವರೇ ಹೇಳಿದ್ದರಿಂದ ಅವರಿಗೆ ಇದರಿಂದ ಅಂಥ ತೊಂದರೆಯಾಗಲಾರದು. ಹಾಗಿದ್ದೂ ಒಂದು ತೋಳನ್ನಾದರೂ ಮರಳಿ ಹಾಕಬಹುದೆಂದು ಅಪ್ಪಣೆಯಾದರೆ ಯಾವುದೆಂದು ಶುಕ್ರವಾರ ನಾಲ್ಕರೊಳಗೆ ತಿಳಿಸಿ. ಎರಡೂ ಬೇಕೆಂದರೆ, ಎರಡು ಸಲ ಮಾಡಿದ ಕೆಲಸ ಎರಡು ಎಂದು ಕುಲಸಚಿವರೇ ಒಂದು ಚೀಟಿ ಬರೆದು ಸಹಿ ಹಾಕಿ ಕಳಿಸಲಿ. ನನಗೂ ಅದೇ ಚೀಟಿ ಬೇಕಿರುವುದು.